ಸೋರುವ ವ್ಯಾನು, ನೆತ್ತಿಯ ಮೇಲೆ ಎರಡು ಬಡಿತ

ದೆವ್ವ, ಗಾಳಿ, ಮೈಮೇಲೆ ಬರುವುದು ಎಂದು ಯಾರಾದರೂ ಕತೆ ಶುರು ಮಾಡಿದರೆ ಅವರನ್ನು ಮೂರೇ ಪ್ರಶ್ನೆಯಲ್ಲಿ ಕೂರಿಸುತ್ತಿದ್ದವಳು ನಾನು. ಆಗ ಅಲ್ಲಿ ಬೆಳಕು ಎಷ್ಟಿತ್ತು? ನಿಮ್ಮನ್ನು ಬಿಟ್ಟು ಇನ್ಯಾರಿಗೆ ಗೊತ್ತಾಯಿತು? ನಡೆದು ಎಷ್ಟು ದಿನದ ಮೇಲೆ ಹೇಳುತ್ತಿದ್ದೀರಿ? ಭೀಮರಾಯನಗುಡಿಯ ಕೃಷಿ ಕಾಲೇಜಿನಲ್ಲಿ ಓದುವಾಗ ಚರ್ಚಾಸ್ಪರ್ಧೆಗೆ ಹೋಗಿ ಹೋಗಿ ಈ ಚಟ ನನಗೆ ಅಂಟಿತ್ತು. ಹಾಸ್ಟೆಲಿನಲ್ಲಿ ನಾನಿದ್ದ ಕೋಣೆಗೆ ಬಂದು ಯಾರೂ ಅಂಥ ಕತೆ ಹೇಳುತ್ತಿರಲಿಲ್ಲ. ಹೇಳಿ ಏನು ಸುಖ?

ಈಗ ನಾನೇ ಅಂಥದೊಂದನ್ನು ಹೇಳಲು ಕೂತಿದ್ದೇನೆ. ಮೊದಲೇ ಒಪ್ಪಿಬಿಡುತ್ತೇನೆ, ನನ್ನ ಪ್ರಶ್ನೆಗಳಿಗೆ ನನ್ನ ಉತ್ತರಗಳೇ ನೆಟ್ಟಗಿಲ್ಲ. ಹೊರಗೆ ಮಟಮಟ ಮಧ್ಯಾಹ್ನವಾಗಿದ್ದರೂ ನಾನು ಕೂತ ಜಾಗ ಕತ್ತಲಾಗಿತ್ತು. ನನ್ನನ್ನು ಬಿಟ್ಟು ಇನ್ಯಾರೂ ಕೇಳಲಿಲ್ಲ. ನಡೆದು ಮೂರು ವರ್ಷವಾಯಿತು. ಬೇಕಾದರೆ ಇಲ್ಲಿಗೇ ಓದುವುದನ್ನು ನಿಲ್ಲಿಸಬಹುದು. ನಾನಾಗಿದ್ದರೆ ನಿಲ್ಲಿಸುತ್ತಿದ್ದೆ.

ನನ್ನ ಅಕ್ಕ ಶರಣಮ್ಮ ಸುರಪುರದಲ್ಲಿ ಖಡಕ್ ರೊಟ್ಟಿ ಮಾಡಿಸುತ್ತಾಳೆ. ಮನೆಯ ಮುಂದಿನ ಪಡಸಾಲೆಯಲ್ಲಿ ನಾಲ್ಕು ಒಲೆ. ಅವಳೂ ಸೇರಿ ನಾಲ್ಕು ಹೆಂಗಸರು. ಬಡಿದ ಜೋಳದ ರೊಟ್ಟಿಯನ್ನು ಹಂಚಿನಿಂದ ತೆಗೆದು ಒಲೆಯ ಸುತ್ತ ಓರೆಯಾಗಿ ನಿಲ್ಲಿಸಿ ಗರಿಗರಿಯಾಗುವ ತನಕ ಒಣಗಿಸುತ್ತಾರೆ. ಹಾಗೆ ಒಣಗಿದ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ. ಆದರೆ ಒಮ್ಮೆ ನೀರಿನ ಪಸೆ ತಗುಲಿತೋ, ಎರಡೇ ದಿನದಲ್ಲಿ ಬೂಷ್ಟು. ಸುರಪುರದಿಂದ ಶಹಾಪುರ, ಅಲ್ಲಿಂದ ಯಾದಗಿರಿ, ಕೊನೆಗೆ ಕಡೇಚೂರಿನ ಕಾರ್ಖಾನೆ ಕೆಲಸಗಾರರ ಮೆಸ್ಸು. ಇಷ್ಟು ದೂರ ರೊಟ್ಟಿ ಬುಟ್ಟಿಗಳನ್ನು ಒಯ್ಯಲು ಅಕ್ಕ ಒಂದು ಹಳೆಯ ವ್ಯಾನು ಕೊಂಡಿದ್ದಳು. ಹಿಂದಿನ ಸೀಟು ಕಿತ್ತು ಬುಟ್ಟಿಗಳಿಗೆ ಜಾಗ ಮಾಡಿದ್ದಳು. ಓಡಿಸುವುದೂ ಅವಳೇ. ಓಡಿಸುವುದಕ್ಕಿಂತ ಹಾರ್ನು ಹೊಡೆಯುವುದು ಹೆಚ್ಚು, ಅದು ಬೇರೆ ಮಾತು.

ಆ ವರ್ಷ ಮುಂಗಾರು ಹಿಡಿದ ಮೇಲೆ ವ್ಯಾನಿನೊಳಗೆ ನೀರು ಕಾಣಿಸತೊಡಗಿತು. ಎಡಗಡೆ, ಬುಟ್ಟಿ ಇಡುವ ನೆಲದ ಮೇಲೆ. ಶಹಾಪುರದ ಮೆಕ್ಯಾನಿಕ್ ರಫೀಕ್ ಮಾಮ ಮುಂದಿನ ಗಾಜಿನ ಸುತ್ತ ಸಿಲಿಕಾನ್ ಅಂಟು ಹಚ್ಚಿದ. ನೀರು ಬಂತು. ಬಾಗಿಲ ರಬ್ಬರು ಬದಲಿಸಿದ. ನೀರು ಬಂತು. ಮತ್ತೆ ಗಾಜಿಗೆ ಇನ್ನೊಂದು ಸುತ್ತು ಸಿಲಿಕಾನ್ ಹಚ್ಚಿದ, ವ್ಯಾನಿನ ಮೋರೆಗೆ ಬಿಳಿ ಮೀಸೆ ಬಂದಂತಾಯಿತು. ನೀರಂತೂ ನಿಲ್ಲಲಿಲ್ಲ.

ಕಡೇಚೂರಿನ ಮೆಸ್ಸು ನಡೆಸುವ ವೆಂಕಟಪ್ಪ ತಮಾಷೆಯ ಮನುಷ್ಯ. ಆದರೆ ಅವನ ತಮಾಷೆ ಹರಿತ. ಎರಡನೆಯ ಸಲ ಮೆತ್ತಗಾದ ರೊಟ್ಟಿ ಹೋದಾಗ ಒಂದನ್ನು ಎರಡೂ ಕೈಯಲ್ಲಿ ಹಿಡಿದು ಅಕ್ಕನಿಗೆ ತೋರಿಸಿದನಂತೆ. “ಅಕ್ಕೋರ, ರೊಟ್ಟಿ ತಂದೀರೇನ್ರಿ, ಇಲ್ಲಾ ಒಗದ ಅರಬಿ ತಂದೀರಿ? ಹಿಂಡಿದ್ರ ನೀರು ಬರ್ತಾವ ನೋಡ್ರಿ.” ಆಮೇಲೆ ನಗು ನಿಲ್ಲಿಸಿ, ಸೋಮವಾರವೂ ಹೀಗೇ ಆದರೆ ಬೇರೆ ಕಡೆಯಿಂದ ತರಿಸುತ್ತೇನೆ, ಬೇಸರ ಮಾಡಿಕೊಳ್ಳಬೇಡಿ ಎಂದನಂತೆ. ಅಕ್ಕನ ರೊಟ್ಟಿಯಲ್ಲಿ ಮುಕ್ಕಾಲು ಪಾಲು ಹೋಗುತ್ತಿದ್ದುದು ಅವನ ಮೆಸ್ಸಿಗೆ. ಅದು ನಿಂತರೆ ನಾಲ್ಕು ಒಲೆಯಲ್ಲಿ ಮೂರು ಆರಿದಂತೆ.

ನಾನು ರಜೆಗೆ ಸುರಪುರಕ್ಕೆ ಬಂದಾಗ ಪರಿಸ್ಥಿತಿ ಇಷ್ಟಕ್ಕೇ ನಿಂತಿರಲಿಲ್ಲ. ಭೀಮವ್ವ ಎಂಬಾಕೆ ಅಕ್ಕನ ಹತ್ತಿರ ಎಲ್ಲರಿಗಿಂತ ತೆಳ್ಳಗೆ ರೊಟ್ಟಿ ಬಡಿಯುವ ಹಿರಿಯಳು. ಯಾದಗಿರಿಯ ಹತ್ತಿರ ಭೀಮಾ ನದಿಯ ದಂಡೆಯವಳು, ಮೀನು ಹಿಡಿಯುವ ಮನೆತನ. ಅವರಲ್ಲಿ ಮದುವೆಗೆ ಹೊಳೆಯಿಂದ ಒಂದು ಕೊಡ ನೀರು ತರುತ್ತಾರೆ. ಆ ಕೊಡವೇ ಗಂಗವ್ವ. ಮನೆ ಮುಟ್ಟುವ ತನಕ ಅದನ್ನು ನೆಲಕ್ಕೆ ಇಡುವಂತಿಲ್ಲ. ಗಾಡಿಯಲ್ಲಿ ತಂದರೂ ಯಾರಾದರೂ ತೊಡೆಯ ಮೇಲೆ ಇಟ್ಟುಕೊಂಡು ಕೂರಬೇಕು. ಈ ವ್ಯಾನಿನ ಹಿಂದಿನ ಮಾಲೀಕ ಅದನ್ನು ಮದುವೆಗಳಿಗೆ ಬಾಡಿಗೆಗೆ ಬಿಡುತ್ತಿದ್ದನೆಂದು ಭೀಮವ್ವನಿಗೆ ಎಲ್ಲಿಂದಲೋ ತಿಳಿದಿತ್ತು.

“ಯಾರೋ ಬುದ್ಧಿಗೇಡಿಗೋಳು ಗಂಗವ್ವನ್ನ ಈ ಗಾಡ್ಯಾಗ ಕೆಳಗ ಇಳಿಸ್ಯಾರ. ಅಕಿ ಅಲ್ಲೇ ಕುಂತಾಳ, ಏಳಾಕ ಒಲ್ಲೆ ಅಂತಾಳ,” ಎಂದಳು.

“ಕುಂತಿದ್ರ ಎಡಕ್ಕೇ ಯಾಕ ಕುಂತಾಳ ಭೀಮವ್ವ? ಬಲಕ್ಕ ಜಾಗ ಇಲ್ಲೇನು?”

“ಬಲಕ್ಕ ನಿಮ್ಮಕ್ಕ ಕುಂತು ಪೊಂಯ್ ಪೊಂಯ್ ಹಾರ್ನ್ ಹೊಡೀತಾಳಲ್ಲ. ಯಾರಿಗಿ ಬೇಕು ಆ ಕಿರಿಕಿರಿ?”

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅವಳ ಹತ್ತಿರ ಒಂದು ಗಟ್ಟಿ ಸಾಕ್ಷಿ ಇತ್ತು. ಮೂರು ದಿನ ಒಂದು ಹನಿ ಮಳೆ ಬೀಳದೆ ಬಿಸಿಲು ಕಾದ ಮೇಲೆ, ಶುಕ್ರವಾರ ಶಹಾಪುರದ ದಾರಿಯಲ್ಲಿ ವ್ಯಾನಿನೊಳಗೆ ಮತ್ತೆ ನೀರು ಬಂದಿತ್ತು. ಮಳೆ ಇಲ್ಲದ ಮೇಲೆ ನೀರು ಎಲ್ಲಿಂದ ಬಂತು? ಉಳಿದಿಬ್ಬರು ಹೆಂಗಸರು, ಸೋಮವಾರದೊಳಗೆ ಇದು ನಿಲ್ಲದಿದ್ದರೆ ಈ ಗಾಡಿಗೆ ಹೋಗುವ ರೊಟ್ಟಿಯನ್ನು ನಾವು ಬಡಿಯುವುದಿಲ್ಲ ಎಂದುಬಿಟ್ಟರು. ಅಕ್ಕ ನನ್ನ ಕಡೆ ನೋಡಿ, “ಏನ ವಕೀಲಮ್ಮ, ವೇದಿಕೆ ಮ್ಯಾಲ ಗೆದ್ದ ಕಪ್ ಎಲ್ಲಾ ತಂದು ಇಲ್ಲಿ ಹೊಂದಸ್ತಿ. ಈ ನೀರಿಗಿ ಒಂದು ಜವಾಬು ಕೊಡು ನೋಡೋಣ,” ಎಂದಳು. ಹೇಳಿದ ರೀತಿ ತಮಾಷೆಯದು, ಕಣ್ಣು ತಮಾಷೆಯದಾಗಿರಲಿಲ್ಲ.

ಶನಿವಾರ ನಾನು ಕೆಲಸಕ್ಕೆ ಇಳಿದೆ. ರಫೀಕ್ ಮಾಮನ ತಪ್ಪು ನನಗೆ ಸ್ಪಷ್ಟವಾಗಿತ್ತು. ನೀರು ಕಂಡ ಜಾಗವನ್ನೇ ನೀರು ಬಂದ ಜಾಗವೆಂದು ಅವನು ನಂಬಿದ್ದ. ನೀರು ಒಂದು ಕಡೆ ಒಳಗೆ ನುಗ್ಗಿ, ತಗಡಿನ ಸಂದಿ ಹಿಡಿದು ನಡೆದು, ಇನ್ನೊಂದು ಕಡೆ ಮೋರೆ ತೋರಿಸಬಹುದು. ಹಾಗಾಗಿ ಮೊದಲು ಮ್ಯಾಟು, ಅದರ ಕೆಳಗಿನ ಫೋಮು, ಪಕ್ಕದ ಪ್ಲಾಸ್ಟಿಕ್ ಹೊದಿಕೆ ಎಲ್ಲವನ್ನೂ ಕಿತ್ತು ತಗಡು ಬರಿದು ಮಾಡಿ ಒರೆಸಿದೆ. ನೀರಿನ ಜಾಡು ಕಾಣಲು ಅದರ ಮೇಲೆ ಜೋಳದ ಹಿಟ್ಟು ಜರಡಿ ಹಿಡಿಯಬೇಕೆಂದಿದ್ದೆ. ಭೀಮವ್ವ ನನ್ನ ಕೈ ಹಿಡಿದಳು. “ತುಳಿಯೋ ಜಾಗದಾಗ ಹಿಟ್ಟು ಚೆಲ್ತಿ? ಇದನ್ನೇ ಕಲಿಸ್ಯಾರೇನು ಕಾಲೇಜಿನ್ಯಾಗ?” ಆ ವಾದದಲ್ಲಿ ನಾನು ಸೋತೆ. ರಂಗೋಲಿ ಪುಡಿ ತಂದು ತೆಳ್ಳಗೆ ಉದುರಿಸಿದೆ. ಒಂದು ಹನಿ ಬಿದ್ದರೂ ಕಪ್ಪು ಚುಕ್ಕೆ ಕಾಣಬೇಕು.

ವ್ಯವಸ್ಥೆ ಹೀಗಿತ್ತು. ವ್ಯಾನು ಹಿತ್ತಲಲ್ಲಿ ನಿಂತಿತ್ತು. ಬೋರಿನ ಮೋಟಾರಿಗೆ ನೇರವಾಗಿ ಜೋಡಿಸಿದ ಪೈಪು ಹಿಡಿದು ಅಕ್ಕ ಹೊರಗೆ ನಿಂತಳು. ನಾನು ಒಳಗೆ ಹೋಗಿ ಬಾಗಿಲು, ಗಾಜು ಎಲ್ಲ ಮುಚ್ಚಿಕೊಂಡೆ. ಟಾರ್ಚಿನ ಬೆಳಕಿನಲ್ಲಿ ಹನಿ ಮಿನುಗಬೇಕೆಂದು ಗಾಜುಗಳಿಗೆ ಗೋಣಿಚೀಲ ಕಟ್ಟಿದ್ದೆ. ಪೈಪಿನ ಸದ್ದಿಗೆ ಮಾತು ಕೇಳುವುದಿಲ್ಲ, ಅಕ್ಕನ ಒದ್ದೆ ಕೈಗೆ ಫೋನು ಕೊಡುವಂತಿಲ್ಲ. ಆದ್ದರಿಂದ ಬಡಿತದ ಭಾಷೆ ಮಾಡಿಕೊಂಡೆವು. ಅಕ್ಕ ಹೊಸ ಜಾಗಕ್ಕೆ ನೀರು ಬಿಡುವಾಗ ಆ ಜಾಗದ ಮೇಲೆ ಅಂಗೈಯಿಂದ ಒಂದು ಸಲ ಬಡಿಯಬೇಕು. ನಾನು ಒಂದು ಸಲ ಬಡಿದರೆ ಒಣಗಿದೆ, ಮುಂದೆ ಹೋಗು. ಎರಡು ಸಲ ಬಡಿದರೆ ಸಿಕ್ಕಿತು. ಕೆಳಗಿನಿಂದ ಮೇಲಕ್ಕೆ, ಮುಂದಿನಿಂದ ಹಿಂದಕ್ಕೆ. ಈ ಕ್ರಮ ತಪ್ಪಬಾರದು ಎಂದು ಅಕ್ಕನಿಗೆ ಮೂರು ಸಲ ಹೇಳಿದೆ. ಮೂರನೆಯ ಸಲಕ್ಕೆ ಅವಳು ಪೈಪನ್ನು ನನ್ನ ಕಡೆಗೇ ತಿರುಗಿಸಿದಳು.

ಒಳಗೆ ಕಾದ ಹಂಚಿನಂತಿತ್ತು. ಬಾಗಿಲ ಬುಡದಲ್ಲಿ ಬಡಿತ, ನೀರಿನ ಸದ್ದು. ಒಣಗಿತ್ತು. ಚಕ್ರದ ಕಮಾನು. ಒಣಗಿತ್ತು. ಬಾಗಿಲಿನ ಮೇಲಂಚು, ಮುಂದಿನ ಗಾಜಿನ ಕೆಳಗೆ, ಗಾಜಿನ ಎಡ ಮೂಲೆ. ಎಲ್ಲ ಒಣ ಒಣ. ಗಾಜಿನ ಮೇಲಂಚಿಗೆ ಬಂದಾಗ ನೀರು ಚಾವಣಿಯ ಮೇಲೂ ಹರಿದದ್ದು ಕೇಳಿಸಿತು. ರಂಗೋಲಿ ಹಾಗೇ ಬೆಳ್ಳಗಿತ್ತು. ನಾನು ಒಂದು ಸಲ ಬಡಿದೆ. ಆಮೇಲೆ ನೀರಿನ ಸದ್ದು ನಿಂತಿತು. ಅಕ್ಕ ಪೈಪು ಎಳೆದುಕೊಂಡು ಹಿಂದಕ್ಕೆ ಬರುತ್ತಿದ್ದಾಳೆ ಎಂದುಕೊಂಡು, ನೆಲದ ಮೇಲೆ ಟಾರ್ಚು ಬಿಟ್ಟು ಕಾಯ್ದೆ. ಸಾಕಷ್ಟು ಹೊತ್ತು ಕಾಯ್ದೆ. ಬೆವರು ಕಣ್ಣಿಗೆ ಇಳಿಯುತ್ತಿತ್ತು.

ಆಗ ನನ್ನ ತಲೆಯ ಮೇಲೆ, ಚಾವಣಿಯ ಎಡ ಹಿಂಬದಿಯಲ್ಲಿ, ಒಂದು ಬಡಿತ ಬಿತ್ತು.

ಕ್ರಮ ತಪ್ಪಿದಳಲ್ಲ ಎಂದು ಸಿಟ್ಟು ಬಂತು. ಆ ಜಾಗ ನಮ್ಮ ಪಟ್ಟಿಯಲ್ಲಿ ಕಟ್ಟಕಡೆಯದು. ನೀರಿನ ಸದ್ದೂ ಇರಲಿಲ್ಲ. ನೆಲ ನೋಡಿದೆ, ಒಣಗಿತ್ತು. ಒಂದು ಸಲ ಬಡಿದೆ. ಮತ್ತೆ ಅದೇ ಜಾಗದಲ್ಲಿ, ಈ ಸಲ ಇನ್ನೂ ಜೋರಾಗಿ, ಒಂದು ಬಡಿತ. ಬೈಯಲೆಂದು ತಲೆ ಎತ್ತಿದೆ, ತಲೆಯ ಜೊತೆಗೆ ಟಾರ್ಚೂ ಎದ್ದಿತು. ಚಾವಣಿಯ ಒಳಹೊದಿಕೆ ಪಕ್ಕದ ತಗಡಿನ ಕಂಬಕ್ಕೆ ಸೇರುವ ಅಂಚಿನಲ್ಲಿ ಒಂದು ಹನಿ ಮಿನುಗುತ್ತಿತ್ತು. ನಾನು ನೋಡನೋಡುತ್ತಿದ್ದಂತೆ ಅದು ಕಂಬದಲ್ಲಿದ್ದ ಸಣ್ಣ ತೂತಿನೊಳಗೆ ಜಾರಿ ಮಾಯವಾಯಿತು. ಹಿಂದೆಯೇ ಇನ್ನೊಂದು ಹನಿ, ಅದೂ ಅದೇ ತೂತಿಗೆ.

ಗಮನಿಸಿ, ನೀರು ನೆಲಕ್ಕೆ ಬೀಳಲೇ ಇಲ್ಲ. ಟೊಳ್ಳು ಕಂಬದೊಳಗೆ ಇಳಿದು ಹೋಗುತ್ತಿತ್ತು. ಸಂಜೆಯ ತನಕ ಕೂತಿದ್ದರೂ ನನ್ನ ರಂಗೋಲಿ ಬೆಳ್ಳಗೇ ಇರುತ್ತಿತ್ತು, ವ್ಯಾನು ಸೋರುವುದಿಲ್ಲ ಎಂದು ನಾನೇ ತೀರ್ಪು ಕೊಡುತ್ತಿದ್ದೆ. ಮಳೆಯಿಲ್ಲದ ದಿನದ ನೀರಿನ ಒಗಟೂ ಆ ಕ್ಷಣಕ್ಕೆ ಬಿಡಿಸಿಕೊಂಡಿತು. ಕಂಬದಿಂದ ಇಳಿದ ನೀರು ಬಾಗಿಲ ಕೆಳಗಿನ ಟೊಳ್ಳು ಪಟ್ಟಿಯಲ್ಲಿ ತುಂಬಿಕೊಂಡು ಕೂರುತ್ತದೆ. ಅಕ್ಕ ಜೋರಾಗಿ ಬ್ರೇಕು ಹಾಕಿದಾಗ ತುಳುಕಿ, ತಗಡಿನ ಸಂದಿಯಿಂದ ನೆಲಕ್ಕೆ ಬರುತ್ತದೆ. ಗೆದ್ದೆ ಎಂದು ಕೂಗಿದೆ. ಚಾವಣಿಗೆ ಅಂಗೈಯಿಂದ ಎರಡು ಸಲ ಬಾರಿಸಿದೆ, ಸಿಕ್ಕಿತು ಎಂದು. ಮೇಲಿನಿಂದ, ಅದೇ ಜಾಗದಿಂದ, ಎರಡು ಬಡಿತ ಮರಳಿ ಬಂದವು.

ಬಾಗಿಲು ನೂಕಿ ಹೊರಗೆ ಬಂದೆ. ಹಿತ್ತಲಲ್ಲಿ ಯಾರೂ ಇರಲಿಲ್ಲ.

ಪೈಪು ನೆಲದ ಮೇಲೆ ಬಿದ್ದಿತ್ತು, ಅದರ ಬಾಯಿ ಒಣಗಿತ್ತು. ಹಿತ್ತಲಿನಿಂದ ಬೀದಿಗೆ ತೆರೆಯುವ ಗೇಟಿನ ಚಿಲಕ ಒಳಗಿನಿಂದ ಹಾಕಿದ್ದು ಹಾಗೇ ಇತ್ತು. ಓಡಿ ಪಡಸಾಲೆಗೆ ಹೋದೆ. ಅಕ್ಕ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು, ಎದುರಿಗೆ ಭೀಮವ್ವ ಹಿಟ್ಟು ನಾದುತ್ತಿದ್ದಳು. ಬೇರೆ ಇಬ್ಬರು ಅಂದು ಬಂದಿರಲೇ ಇಲ್ಲ.

“ಕರೆಂಟ್ ಹೋತಲ್ಲ. ಗಾಜಿಗಿ ನೀರು ಬಿಟ್ಟು ಮುಗಿಸೂದ್ರಾಗ ಮೋಟ್ರು ನಿಂತುಬಿಡ್ತು,” ಎಂದಳು ಅಕ್ಕ. “ಹೋಗ್ತೀನಿ ಅಂತ ಒದರಿದೆ, ನಿನಗ ಕೇಳ್ಸಿಲ್ಲ ಕಾಣ್ತದ. ಖಾಲಿ ಯಾಕ ಕುಂದ್ರಬೇಕಂತ ಇಲ್ಲಿ ಬಂದೆ.”

ಅವಳು ಬಂದು ಎಷ್ಟು ಹೊತ್ತಾಯಿತು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಅವಳ ಒಲೆಯ ಸುತ್ತ ಏಳು ರೊಟ್ಟಿ ನಿಂತಿದ್ದವು, ಎಂಟನೆಯದು ಅವಳ ಕೈಯಡಿ ಇತ್ತು. ನಾನು ನಡೆದದ್ದನ್ನು ಹೇಳಿದೆ. ಅಕ್ಕನ ಕೈ ನಿಂತಿತು. ಭೀಮವ್ವ ಮಾತ್ರ ನಾದುವುದನ್ನು ನಿಲ್ಲಿಸದೆ, “ಬಿಸಿಲಾಗ ಕುಂತು ಬಂದೀ, ಮದ್ಲ ನೀರು ಕುಡಿ,” ಎಂದಳು.

ನನ್ನನ್ನು ನಾನೇ ಪಾಟೀಸವಾಲಿಗೆ ಎಳೆಯದೆ ಬಿಟ್ಟಿಲ್ಲ. ನೀರಿನ ಲೆಕ್ಕ ಸುಲಭ. ಚಾವಣಿಯ ಮೇಲೆ ನಿಂತದ್ದು ನಿಧಾನವಾಗಿ ಒಳಗಿಳಿದಿದೆ. ಬಡಿತ? ಕಾದ ತಗಡಿಗೆ ತಣ್ಣೀರು ಬಿದ್ದರೆ ತಗಡು ಕುಗ್ಗಿ ಟಣ್ ಅನ್ನುತ್ತದೆ. ಸರಿ, ಆದರೆ ಅದು ಉಗುರಿನ ಸದ್ದು. ನಾನು ಕೇಳಿದ್ದು ಇಡೀ ಅಂಗೈಯ ಸದ್ದು. ಸುರಪುರದ ಗುಡ್ಡದ ಮಂಗ? ಮಂಗ ಚಾವಣಿಗೆ ಹಾರಿದರೆ ವ್ಯಾನು ಕುಲುಕುತ್ತದೆ, ಕುಲುಕಲಿಲ್ಲ. ಅಕ್ಕನ ರೊಟ್ಟಿ ಬಡಿತವೇ ಕೇಳಿಸಿತೇ? ಇದನ್ನು ಮರುದಿನ ಬೆಳಿಗ್ಗೆ ಪರೀಕ್ಷಿಸಿದೆ. ಮುಚ್ಚಿದ ವ್ಯಾನಿನೊಳಗೆ ಕೂತರೆ ಪಡಸಾಲೆಯ ಬಡಿತ ಚೂರೂ ಕೇಳುವುದಿಲ್ಲ, ಕೇಳಿದರೂ ರೊಟ್ಟಿಯನ್ನು ಯಾರೂ ಎರಡೇ ಸಲ ಬಡಿದು ಬಿಡುವುದಿಲ್ಲ.

ಎದುರಾಳಿಯಾಗಿದ್ದರೆ ನಾನು ಹಿಡಿಯುತ್ತಿದ್ದ ಬಲವಾದ ವಾದ ಬೇರೆಯೇ ಇದೆ. ಸೆಖೆಯಲ್ಲಿ ನಿನ್ನ ತಲೆ ತಿರುಗಿತ್ತು; ಓರೆಗಣ್ಣಿಗೆ ಹನಿ ಮೊದಲೇ ಕಂಡಿತ್ತು; ಬಡಿತವನ್ನು ನಿನ್ನ ಮನಸ್ಸೇ ಹುಟ್ಟಿಸಿಕೊಂಡಿತು. ಈ ವಾದಕ್ಕೆ ತೀರ್ಪುಗಾರರು ಅಂಕ ಕೊಡುತ್ತಾರೆ, ನಾನೂ ಕೊಡುತ್ತೇನೆ. ಆದರೆ ಟಾರ್ಚು ನೆಲದ ಮೇಲಿತ್ತು, ಮೇಲೆಲ್ಲ ಗವ್ವೆನ್ನುವ ಕತ್ತಲು. ಆ ಕತ್ತಲಲ್ಲಿ ಹನಿ ಕಾಣುವುದು ಹೇಗೆಂದು ಆ ವಾದ ಹೂಡಿದವರು ಹೇಳಬೇಕು.

ಭಾನುವಾರ ವ್ಯಾನನ್ನು ಶಹಾಪುರಕ್ಕೆ ಒಯ್ದೆವು. ರಫೀಕ್ ಮಾಮನಿಗೆ ಬಡಿತದ ವಿಷಯ ಹೇಳಲಿಲ್ಲ, ಜಾಗ ತೋರಿಸಿದೆ ಅಷ್ಟೇ. ಅವನು ನಂಬಲಿಲ್ಲ. “ಅಲ್ಲೇನದ ಬೇಟಿ, ಸಾಫ್ ತಗಡದ.” ಒಳಹೊದಿಕೆ ಇಳಿಸಿ ಎಂದೆ. ಇಳಿಸಿದ. ಹಿಂದಿನ ಮಾಲೀಕ ಎಂದೋ ಚಾವಣಿಗೆ ಸಾಮಾನಿನ ಕ್ಯಾರಿಯರ್ ಕೂರಿಸಿ, ಮಾರುವಾಗ ಬಿಚ್ಚಿಕೊಂಡು, ಬೋಲ್ಟಿನ ತೂತುಗಳಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದ. ಮೂರು ಗಟ್ಟಿಯಾಗಿದ್ದವು. ಎಡ ಹಿಂಬದಿಯದು ಕೂದಲೆಳೆಯಷ್ಟು ಬಿರಿದಿತ್ತು. ಬಣ್ಣದ ಮೇಲೆ ಹೊರಗಿನಿಂದ ನೋಡಿದರೆ ನನಗೂ ಕಾಣಲಿಲ್ಲ, ಅವನಿಗೂ ಕಾಣಲಿಲ್ಲ.

ಆಮೇಲೆ ಬಾಗಿಲ ಕೆಳಗಿನ ಪಟ್ಟಿಯ ಬುಡದಲ್ಲಿ ಕೆಸರು ಕಟ್ಟಿ ಮುಚ್ಚಿಹೋಗಿದ್ದ ತೂತಿಗೆ ನಾನೇ ತಂತಿ ಹಾಕಿ ತಿವಿದೆ. ಕರ್ರನೆಯ ನೀರು ಧೋ ಎಂದು ಸುರಿಯಿತು. ಸುರಿಯುತ್ತಲೇ ಇತ್ತು. ಎರಡು ತಂಬಿಗೆಗೆ ಕಡಿಮೆಯಿಲ್ಲ. ರಫೀಕ್ ಮಾಮ ಹಣೆ ಹಣೆ ಬಡಿದುಕೊಂಡ. “ಯಾ ಅಲ್ಲಾ! ಇದು ಗಾಡಿ ಅಲ್ಲವ್ವ, ಕೆರಿ! ನಾ ಇಷ್ಟು ದಿನ ಕೆರಿಗಿ ಸಿಲಿಕಾನ್ ಹಚ್ಚಾಕತ್ತಿದ್ದೆ!” ಅಕ್ಕ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಳು. ಅವನು ತುಕ್ಕು ಉಜ್ಜಿ, ತೂತಿಗೆ ರಬ್ಬರ್ ವಾಷರ್ ಹಾಕಿ ಬೋಲ್ಟು ಬಿಗಿದು, ಮೇಲೆ ಸೀಲರ್ ಹಚ್ಚಿದ. ಉಳಿದ ಮೂರಕ್ಕೂ ಹಾಗೇ ಮಾಡಿದ. ಕೂಲಿ ತಗೊಳ್ಳಲು ಒಪ್ಪಲಿಲ್ಲ; ಮೀಸೆ ತೆಗೆಯುವ ಕೆಲಸ ನನ್ನದೇ ಎಂದು ಗಾಜಿನ ಸಿಲಿಕಾನನ್ನೂ ಕೆರೆದು ಕೊಟ್ಟ.

ಸೋಮವಾರ ಯಾದಗಿರಿ ದಾಟುವಾಗ ಎಂಥ ಮಳೆ ಹೊಡೆಯಿತೆಂದರೆ, ಎದುರಿಗೆ ಬರುವ ಲಾರಿಯ ದೀಪವೂ ಕಾಣುತ್ತಿರಲಿಲ್ಲ. ಭೀಮವ್ವ ಬುಟ್ಟಿಗಳ ನಡುವೆ ಎಡಗಡೆಗೇ ಕೂತಿದ್ದಳು, ನೆಲಕ್ಕೆ ಅಂಗೈ ಊರಿಕೊಂಡು. ಪ್ರತಿ ತಿರುವಿಗೂ ನಾನು ಹಿಂದೆ ತಿರುಗಿ ನೋಡುತ್ತಿದ್ದೆ, ಅವಳು ಒಣ ಕೈ ಎತ್ತಿ ತೋರಿಸುತ್ತಿದ್ದಳು. ಕಡೇಚೂರಿನಲ್ಲಿ ವೆಂಕಟಪ್ಪ ಛತ್ರಿ ಹಿಡಿದು ಬಾಗಿಲಲ್ಲೇ ನಿಂತಿದ್ದ. ಬುಟ್ಟಿಯ ಬಟ್ಟೆ ಸರಿಸಿ, ತಳದ ರೊಟ್ಟಿಯನ್ನೇ ಹುಡುಕಿ ಎಳೆದು ಮುರಿದ. ಮಳೆಯ ಸದ್ದನ್ನೂ ಮೀರಿ ಲಟ್ ಎಂದಿತು. ಇನ್ನೊಂದು ಮುರಿದ, ಲಟ್. ಮೂರನೆಯದಕ್ಕೆ ಕೈ ಹಾಕಿದಾಗ ಅಕ್ಕ, “ಎಲ್ಲಾ ನೀವೇ ಮುರದ್ರ ಮಂದಿ ಏನ್ ತಿನಬೇಕ್ರಿ?” ಎಂದಳು. ಅವನು ಒಳಗೆ ತಿರುಗಿ, ಅಕ್ಕೋರಿಗೆ ಚಹಾ ತನ್ನಿ ಎಂದು ಕೂಗಿದ. ಎಷ್ಟೋ ವೇದಿಕೆಗಳ ಮೇಲೆ ನಾನು ಗೆದ್ದಿದ್ದೇನೆ, ಆ ಎರಡು ಲಟ್‌ಗೆ ಸಮನಾದ ಚಪ್ಪಾಳೆ ಮತ್ತೆ ಕೇಳಿಲ್ಲ.

ಒಲೆಗಳು ಈಗ ಆರಾಗಿವೆ. ಅಂದು ಬಾರದಿದ್ದ ಇಬ್ಬರೂ ಆ ವಾರವೇ ಮರಳಿ ಬಂದರು. ವ್ಯಾನು ಮೂರು ಮಳೆಗಾಲ ಕಳೆದಿದೆ, ಒಳಗೆ ಹನಿ ಬಿದ್ದಿಲ್ಲ.

ಸೋರುವುದನ್ನು ನಾನು ಪೂರ್ತಿ ವಿವರಿಸಬಲ್ಲೆ, ಚಿತ್ರ ಬರೆದು ತೋರಿಸಬಲ್ಲೆ. ಬಡಿತದ ಬಗ್ಗೆ ನನ್ನ ಹತ್ತಿರ ಏನೂ ಇಲ್ಲ. ನಂಬುತ್ತೀಯಾ ಎಂದು ಕೇಳಿದರೆ ಇಲ್ಲ ಎನ್ನುತ್ತೇನೆ. ಹಾಗಾದರೆ ಬಡಿದವರು ಯಾರು ಎಂದರೆ ಗೊತ್ತಿಲ್ಲ ಎನ್ನುತ್ತೇನೆ. ಈ ಎರಡೂ ಉತ್ತರ ಒಟ್ಟಿಗೆ ನಿಲ್ಲುವುದಿಲ್ಲ ಎಂದು ಗೆಳತಿಯರು ಕೆಣಕುತ್ತಾರೆ. ನಿಲ್ಲುತ್ತವೆ. ನಾನು ನಿಂತಿದ್ದೇನಲ್ಲ.

ಕಳೆದ ಬೇಸಿಗೆಯಲ್ಲಿ ಇಡೀ ಪ್ರಯೋಗವನ್ನು ಮತ್ತೆ ಮಾಡಿದೆ. ಅದೇ ಹಿತ್ತಲು, ಅದೇ ಹೊತ್ತು, ಗಾಜಿಗೆ ಗೋಣಿಚೀಲ. ಚಾವಣಿಗೆ ನೀರು ಹಾಯಿಸಿ, ಮೋಟಾರು ನಿಲ್ಲಿಸಿ, ಅಕ್ಕನನ್ನು ಒಲೆಯ ಮುಂದೆ ಕೂರಿಸಿ ಬಂದೆ. ಒಳಗೆ ಕೂತು ಎರಡು ಸಲ ಬಡಿದೆ. ಕಾಯ್ದೆ. ಮತ್ತೆ ಎರಡು ಸಲ ಬಡಿದೆ. ಬಟ್ಟೆ ಮೈಗೆ ಅಂಟುವ ತನಕ ಕಾಯ್ದು, ಏನೂ ಕೇಳದೆ, ಎದ್ದು ಬಂದೆ.

ಭೀಮವ್ವ ಹಿಟ್ಟು ನಾದುತ್ತ ಕೂತಿದ್ದಳು. “ಬಂತೇನು?” ಎಂದಳು.

“ಇಲ್ಲ. ನೋಡಿದೇನು, ಗಂಗವ್ವ ಇದ್ದಿದ್ರ ಬರ್ತಿದ್ದಿಲ್ಲೇನು?”

“ಯಾಕ ಬರ್ತಾಳ? ಈಗೆಲ್ಲಿ ಸೋರ್ತದ ನಿನ್ನ ಗಾಡಿ?” ಎಂದು ಅವಳು ಹಿಟ್ಟಿನ ಉಂಡೆಯನ್ನು ಕಲ್ಲಿನ ಮೇಲೆ ಇಟ್ಟು ಬಡಿಯಲು ಶುರು ಮಾಡಿದಳು.

ಪ್ರತಿವಾದಕ್ಕೆ ಚರ್ಚೆಯಲ್ಲಿ ಎರಡು ನಿಮಿಷ ಕೊಡುತ್ತಾರೆ. ನನಗೆ ಒಂದು ವರ್ಷವಾಗುತ್ತ ಬಂತು, ಇನ್ನೂ ಎದ್ದು ನಿಂತಿಲ್ಲ.